ಹಡಗಿನ ದೆವ್ವಕ್ಕೆ ಸ್ಪ್ಯಾನರ್

ಬೊಂಬಾಯಿ, ೧೪-೨-೮೩

ಮಾಕಳಿಯ ಭದ್ರಮ್ಮಕ್ಕನಿಗೆ ತಮ್ಮನ ನಮಸ್ಕಾರ.

ಪೀಣ್ಯದಿಂದ ತಂದ ಮಿಷಿನ್ ಕೂರಿಸಿದ್ದಾಯ್ತು, ನನ್ನ ಕೆಮ್ಮೂ ವಾಸಿ. ನಿನ್ನೆ ರಾತ್ರಿ ಟಿಕೆಟ್ ತಗೊಂಡು ಹಳೇ ಯುದ್ಧದ ಹಡಗಲ್ಲಿ ದೆವ್ವ ನೋಡೋಕೆ ಹೋಗಿದ್ದೆ ಕಣಕ್ಕ. ಗೈಡು ಲಾಟೀನು ಹಿಡಿದು ಹಡಗಿನ ತಳಕ್ಕೆ ಇಳಿಸಿ, "ಸತ್ತ ಸಿಪಾಯಿ ಗೋಡೆ ಬಡೀತಾನೆ, ಕೇಳಿ" ಅಂದ. ಟಕ್ ಟಕ್ ಅಂತ ಶುರುವಾಯ್ತು. ಎಲ್ಲರೂ ಮೆಟ್ಟಿಲ ಕಡೆ ಓಡಿದ್ರು. ನಾನು ನೀನು ಕಟ್ಟಿದ ತಾಯಿತ ಹಿಡ್ಕೊಂಡು ನಿಂತೆ. ಆಮೇಲೆ ಸದ್ದಿನ ಗುರುತು ಸಿಕ್ತು. ಪೈಪಿನ ಬೋಲ್ಟು ಲೂಸಾಗಿ, ಪೈಪು ಗೋಡೆಗೆ ಬಡೀತಿತ್ತು. ಜೇಬಲ್ಲಿದ್ದ ಸ್ಪ್ಯಾನರ್ ಹಾಕಿ ಬಿಗಿದೆ, ದೆವ್ವ ಗಪ್‌ಚುಪ್.

ಗೈಡು ಕೈ ಮುಗಿದ. "ಭಾಯ್‌ಸಾಬ್, ನಾಳೆ ಜನಕ್ಕೆ ಏನು ತೋರಿಸ್ಲಿ?"

ಈ ಕಾರ್ಡಲ್ಲಿ ಜಾಗ ಮುಗೀತು ಕಣಕ್ಕ. ಬೋಲ್ಟು ಅರ್ಧ ಸುತ್ತು ಸಡಿಲ ಮಾಡಿ, ಅವನ ದೆವ್ವ ಅವನಿಗೆ ವಾಪಸ್ ಕೊಟ್ಟು ಬಂದೆ.

ನಲ್ಲಪ್ಪ