ಹನ್ನೊಂದನೇ ಸೀಟಿಗೆ ನಾನು ಮಾಡಿದ ಅನ್ಯಾಯ

ಗದಗ
ಫೆಬ್ರವರಿ ಮೂವತ್ತು, ೨೨೧೯

ಮಾನ್ಯ ಗಿರಿಜವ್ವ ಬಳೂಟಗಿ ಅವರಿಗೆ,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ, ನಮ್ಮ ಕಾಲದಲ್ಲಿ ಬಂದಿದೆ. ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ. ನೀವು ೨೦೨೭ರಲ್ಲಿದ್ದೀರಿ. ಬಸ್ ಕಂಡಕ್ಟರ್ ಕೆಲಸ ಮಾಡುತ್ತಲೇ ‘ಹನ್ನೊಂದನೇ ಸೀಟು’ ಎಂಬ ಪತ್ತೇದಾರಿ ಕಾದಂಬರಿ ಬರೆದು, ನೀವೇ ಅಚ್ಚು ಹಾಕಿಸಿದ್ದೀರಿ. ಇಷ್ಟನ್ನು ಪುಸ್ತಕದ ಬೆನ್ನುಪುಟದಿಂದ ತಿಳಿದೆ.

ನಾನು ಇಂದುಧರೆ ಹುಯಿಲಗೋಳ, ಸಾಕ್ಷಿ ಓದುಗಿ. ಯಂತ್ರಗಳ ನೆನಪೆಲ್ಲ ಒಮ್ಮೆ ಅಳಿಸಿಹೋದ ಮೇಲೆ ಹುಟ್ಟಿಕೊಂಡ ಕೆಲಸವಿದು. ಪ್ರಕಾಶಕರಿಲ್ಲದೆ ಬರೆದವರೇ ಹೊರತಂದ ಪುಸ್ತಕಗಳ ಒಂದೊಂದೇ ಪ್ರತಿ ಉಳಿದಿದೆ. ಪ್ರತಿಯೊಂದನ್ನೂ ಒಬ್ಬರು ಪೂರ್ತಿ ಓದಿ ಅಭಿಪ್ರಾಯ ಬರೆಯಬೇಕು. ಉಳಿಯಲಿ ಎಂದು ಬರೆದರೆ ಅದನ್ನು ನಕಲು ಮಾಡಿ ಕಾಪಾಡುತ್ತಾರೆ. ಬೇಡವೆಂದರೆ ನೆನೆಹಾಕಿ, ರುಬ್ಬಿ, ಹೊಸ ಕಾಗದ ಮಾಡುತ್ತಾರೆ.

ಇಪ್ಪತ್ತೆರಡು ವರ್ಷ ಓದಿದ್ದೇನೆ. ನಿಮ್ಮ ಕಾಲದ ಪ್ರೇಮಕಾದಂಬರಿಗಳಲ್ಲಿ ನೂರನೇ ಪುಟಕ್ಕೆ ಯಾರಿಗಾದರೂ ಕಾಯಿಲೆ ಬರಲೇಬೇಕು, ಬೈದುಕೊಳ್ಳುತ್ತಲೇ ಅತ್ತಿದ್ದೇನೆ. ಐತಿಹಾಸಿಕ ಕಾದಂಬರಿಗಳ ರಾಜರು ತಿಂಡಿಗೆ ಕೂತರೂ ಭಾಷಣ ಬಿಗಿಯುತ್ತಾರೆ. ನಮ್ಮ ಕಾಲವನ್ನು ಊಹಿಸಿ ಬರೆದವರೆಲ್ಲ ನಮ್ಮ ಬಾಯಿಗೆ ಗುಳಿಗೆ ಹಾಕಿದ್ದಾರೆ. ಈಗಲೂ ರೊಟ್ಟಿ ಬಡಿಯುತ್ತೇವೆ, ತಾಯಿ. ಒಬ್ಬ ಡ್ರಾಯಿಂಗ್ ಮಾಸ್ತರರ ದೆವ್ವದ ಕತೆಯಲ್ಲಿ ದೆವ್ವವೇ ಮನೆ ಮಾಲೀಕನಿಗೆ ಹೆದರುತ್ತದೆ. ಪುಟಕ್ಕೆ ಹತ್ತು ತಪ್ಪು, ಆದರೂ ಕಣ್ಣು ಮುಚ್ಚಿ ‘ಉಳಿಯಲಿ’ ಎಂದು ಬರೆದೆ. ಯಾರೂ ತಿದ್ದದ ಪುಸ್ತಕದಲ್ಲಿ ಬರೆದವರ ಉಸಿರು ಕೇಳಿಸುತ್ತದೆ, ಅದಕ್ಕೇ ನನಗೆ ಇವು ಇಷ್ಟ.

ಪತ್ತೇದಾರಿ ಕತೆಗಳಲ್ಲಿ ಮಾತ್ರ ನನಗೊಂದು ಸೊಕ್ಕಿತ್ತು. ಕೊಲೆಗಾರ ಯಾರೆಂದು ಅರ್ಧದೊಳಗೆ ಹೊಳೆದರೆ ಪುಸ್ತಕ ಮುಚ್ಚಿಬಿಡುತ್ತಿದ್ದೆ. ನಿಮ್ಮದರಲ್ಲಿ ಹನ್ನೊಂದನೇ ಸೀಟಿನ ಹೆಂಗಸು ನರಗುಂದ ಬರುವಷ್ಟರಲ್ಲಿ ಮಾಯವಾಗುತ್ತಾಳೆ. ಎಂಬತ್ತನೇ ಪುಟದಲ್ಲಿ ಔಷಧಿ ಅಂಗಡಿಯ ರಾಚಪ್ಪನೇ ಕೊಂದದ್ದು ಎಂದು ತೀರ್ಮಾನಿಸಿದೆ. ‘ಗುಟ್ಟು ಬೇಗ ಬಯಲಾಗುತ್ತದೆ, ಉಳಿಸಬೇಕಿಲ್ಲ’ ಎಂದು ಬರೆದು, ಪೂರ್ತಿ ಓದಿದ್ದೇನೆ ಎಂದು ಸಹಿ ಹಾಕಿದೆ.

ಮೊನ್ನೆ ಮೇಜು ಸರಿಸಿದಾಗ ಗೋಡೆಯ ಸಂದಿಯಲ್ಲಿ ನಾಲ್ಕು ಪುಟ ಸಿಕ್ಕವು. ಸಡಿಲ ಹೊಲಿಗೆಯಿಂದ ಕಳಚಿಬಿದ್ದ ನಿಮ್ಮ ನೂರೆಂಬತ್ತೊಂದರಿಂದ ನೂರೆಂಬತ್ನಾಲ್ಕು. ಅಲ್ಲಿ ಆ ಹೆಂಗಸು ಬದುಕಿದ್ದಾಳೆ. ಅವಳನ್ನು ತನ್ನ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದವನೇ ರಾಚಪ್ಪ! ಅವಳು ಬಾಗಿಲು ತೆರೆದು ಹೊರಗೆ ನಿಂತವರನ್ನು ನೋಡಿ “ನೀವಾ?” ಎನ್ನುತ್ತಾಳೆ. ಪುಟ ಮುಗಿಯುತ್ತದೆ. ಕಾಗದ ಮಾಡುವಲ್ಲಿಗೆ ಓಡಿದೆ. ನಿಮ್ಮ ಪುಸ್ತಕವನ್ನು ರುಬ್ಬಿ ಹನ್ನೆರಡು ದಿನವಾಗಿತ್ತು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹೊಸ ಹಾಳೆ ಮುಟ್ಟಿದರೆ ಕೈ ಹಿಂದೆಗೆಯುತ್ತೇನೆ, ಒಲೆಯ ಮೇಲಿಟ್ಟ ಚಹಾ ಎರಡು ಸಲ ಹೊತ್ತಿಹೋಯಿತು. ಬಾಗಿಲಲ್ಲಿ ಯಾರಿದ್ದರು? ನನಗೆ ನಾಚಿಕೆಯಾಗುತ್ತಿದೆ, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದಿದೆ. ಕಳೆದ ಕಾಲಕ್ಕೆ ಒಬ್ಬರು ಬದುಕಿನಲ್ಲಿ ಒಂದೇ ಕಾಗದ ಕಳಿಸಬಹುದು, ಉತ್ತರ ಬರುವುದಿಲ್ಲ. ಜೊತೆಯ ಓದುಗಿ ಬಸಲಿಂಗವ್ವ ನನ್ನನ್ನು ಚೆನ್ನಾಗಿ ಝಾಡಿಸಿದಳು: “ಹುಚ್ಚಿ ಅದೀಯೇನ? ಮಂದಿ ಸತ್ತ ಅವ್ವಗ ಬರೀತಾರ. ನೀ ಯಾವಾಕಿಗೋ ಕಂಡಕ್ಟರಗ ಬರಿಯಾಕ ಕುಂತೀ!” ಅವ್ವನಿಗೆ ಹೇಳಬೇಕಾದದ್ದು ನನಗೂ ಇತ್ತು. ಆದರೆ ಅವ್ವನಿಗೆ ನಾನು ಸುಳ್ಳು ಸಹಿ ಹಾಕಿರಲಿಲ್ಲ.

ಕೈಮುಗಿದು ಕೇಳುವುದು ಇಷ್ಟೇ. ಒಂದು ಪ್ರತಿಯನ್ನು ಕಾದಂಬರಿ ಓದದವರಿಗೆ ಕೊಡಿ. ಓದುವವರು ಎರವಲು ಕೊಟ್ಟು ಕಳೆಯುತ್ತಾರೆ. ಓದದವರು ಹೊಲಿಗೆ ಯಂತ್ರದ ಕಾಲಿಗೆ ಆಸರೆಯಾಗಿಟ್ಟಾದರೂ ನಮ್ಮ ಕಾಲದವರೆಗೆ ಉಳಿಸುತ್ತಾರೆ. ಇನ್ನೊಂದು ಮಾತು. ನಿಮ್ಮ ಕಾಲದಲ್ಲಿಯೂ ಯಾರಾದರೂ ಪುಸ್ತಕ ಚೆನ್ನಾಗಿಲ್ಲ ಎಂದು ಮುಖದ ಮೇಲೆ ಹೇಳಿಯಾರು. ಒಪ್ಪುವ ಮೊದಲು, ಬಾಗಿಲಲ್ಲಿ ನಿಂತವರು ಯಾರೆಂದು ಅವರನ್ನು ಕೇಳಿ.

ನನ್ನನ್ನು ಕೇಳಿದ್ದರೆ ತಲೆ ತಗ್ಗಿಸುತ್ತಿದ್ದೆ.

ಇಂದುಧರೆ