ಅಡ್ಮಿನ್ ಹತ್ತಿರ ಇರುವ ಇನ್ನೊಂದು ಕೀ

ಮಾರ್ಚ್ 3, ಸೋಮವಾರ. ಸಂಜೆ

ಮತ್ತೆ ಅದೇ. ಕಾಲೇಜಿನಿಂದ ಬಂದು ನೋಡಿದರೆ ಅಡುಗೆಮನೆಯ ನಲ್ಲಿಗೆ ಹೊಸ ವಾಷರ್. ಒಲೆ ಪಕ್ಕದ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿವೆ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ. ಅಂದರೆ ಅಡ್ಮಿನ್ ಬಂದು ಹೋಗಿದ್ದಾರೆ.

ಅಡ್ಮಿನ್ ಅಂದರೆ ಮನೆ ಓನರ್. ಅವರು ಕೆಳಗೆ, ನಾನು, ಅಕ್ಕ ಮೇಲೆ. ಹೆಸರಿಟ್ಟಿದ್ದು ನಾನೇ. ಗ್ರೂಪ್ ಅಡ್ಮಿನ್ ಇದ್ದ ಹಾಗೆ — ಯಾರನ್ನೂ ಕೇಳಬೇಕಿಲ್ಲ, ಯಾವಾಗ ಬೇಕಾದರೂ ಒಳಗೆ, ಏನು ಬೇಕಾದರೂ ಬದಲಾಯಿಸಬಹುದು. ನಮ್ಮ ಬಾಗಿಲಿನ ಇನ್ನೊಂದು ಕೀ ಅವರ ಜೇಬಿನಲ್ಲೇ ಇರುತ್ತದೆ.

ಅಕ್ಕನಿಗೆ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ. ಫೋನ್ ಎತ್ತುವುದು, ವಿಳಾಸ ಕೇಳುವುದು, ಗಾಡಿ ಕಳಿಸುವುದು. ಬೆಳಿಗ್ಗೆ ಬಂದು ಮಲಗುತ್ತಾಳೆ. ಇವತ್ತು ಮಧ್ಯಾಹ್ನ ಏನೋ ಸದ್ದಾಗಿ ಎದ್ದು ಬಂದರೆ ಅಡ್ಮಿನ್ ಸ್ಪ್ಯಾನರ್ ಹಿಡಿದು ಸಿಂಕ್ ಮುಂದೆ ನಿಂತಿದ್ದರಂತೆ. ಇವಳು ನೈಟಿಯಲ್ಲಿ. "ನೀನು ಮಲ್ಕೋಮ್ಮ, ನನ್ನ ಪಾಡಿಗೆ ನಾನು ಮಾಡ್ಕೊಂಡು ಹೋಗ್ತೀನಿ" ಅಂದರಂತೆ. ಮಲ್ಕೋಮ್ಮ ಅಂತೆ!

ಆಮೇಲೆ ಎಲ್ಲಿಯ ನಿದ್ದೆ. ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂತಿದ್ದಾಳೆ. ಕೆಂಡದಂಥ ಕಣ್ಣು ಹೊತ್ತು ಡ್ಯೂಟಿಗೆ ಹೋದಳು.

ಕೆಟ್ಟವರು ಅನ್ನಲಾರೆ. ಅದೇ ಕಷ್ಟ. ಬಡಗಿಯಾಗಿದ್ದವರು. ಈ ಮನೆಯ ಬಾಗಿಲು, ಕಿಟಕಿ, ಕಪಾಟು ಎಲ್ಲ ಅವರ ಕೈಯ ಕೆಲಸ. ಮಗುವಿನ ತಲೆ ಸವರುವ ಹಾಗೆ ಚೌಕಟ್ಟು ಸವರುತ್ತಾರೆ. ಅಮ್ಮನಿಗೆ ಫೋನ್ ಮಾಡಿದರೆ, ವಯಸ್ಸಾದವರು, ಹೊಂದಿಕೊಂಡು ಹೋಗಿ ಅಂದಳು. ಯಾವುದಕ್ಕೆ ಹೊಂದಿಕೊಳ್ಳುವುದು? ಕುರ್ಚಿಗಾ?

ಮಾರ್ಚ್ 4, ಮಂಗಳವಾರ

ಹಳೇ ಬೀಗ ನನಗೆ ರಿಪ್ಲೈ ಮಾಡಿದರು. ನನಗೆ!!

ಬಾಡಿಗೆ ಮನೆ ಗೋಳಿನ ಥ್ರೆಡ್‌ನಲ್ಲಿ ಅವರದು ಒಂದೇ ಒಂದು ಕಮೆಂಟ್ ಬಿದ್ದರೆ ಜಗಳ ನಿಲ್ಲುತ್ತದೆ. ಹಳೇ ಬೀಗ ಅನ್ನುವುದು ಆನ್‌ಲೈನ್ ಹೆಸರು, ಗಂಡಸೋ ಹೆಂಗಸೋ ಯಾರಿಗೂ ಗೊತ್ತಿಲ್ಲ. ವಕೀಲರಿರಬೇಕು. ಡಿಪಿಯಲ್ಲಿ ತುಕ್ಕು ಹಿಡಿದ ಒಂದು ಬೀಗ, ಅಷ್ಟೇ. ಅವರ ಹಳೆಯ ಉತ್ತರಗಳನ್ನೆಲ್ಲ ಸ್ಕ್ರೀನ್‌ಶಾಟ್ ಮಾಡಿಟ್ಟಿದ್ದೇನೆ. ಗೆಳತಿಯರು ಹೀರೋಗಳ ಫೋಟೋ ಇಟ್ಟುಕೊಳ್ಳುತ್ತಾರೆ, ನಾನು ಅಡ್ವಾನ್ಸ್ ವಾಪಸ್ ಪಡೆಯುವ ಕ್ರಮ ಇಟ್ಟುಕೊಂಡಿದ್ದೇನೆ. ಇರಲಿ.

ಉತ್ತರ ಹೀಗಿತ್ತು: "ನೀವಾಗಿ ಬೀಗ ಬದಲಾಯಿಸಬೇಡಿ. ಕೂಗಾಡಬೇಡಿ. ಮುಂಚೆ ತಿಳಿಸಿ ಬನ್ನಿ ಅಂತ ಬರೆದು ಕೊಡಿ. ಕೇಳದಿದ್ರೆ ಬಾಡಿಗೆ ತಕರಾರು ಕಚೇರಿಗೆ ಹೋಗಿ. ಬಾಡಿಗೆ ಕೊಟ್ಟ ಮೇಲೆ ಅದು ನಿಮ್ಮ ಮನೆ."

ಕೊನೆಯ ಸಾಲನ್ನು ಅಕ್ಕನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು.

ಮಾರ್ಚ್ 8, ಶನಿವಾರ

ಕಾಗದ ಕೊಟ್ಟೆವು. ನಾನು ಬರೆದಿದ್ದನ್ನು ಅಕ್ಕ ಅರ್ಧಕ್ಕರ್ಧ ಹೊಡೆದು ಹಾಕಿದಳು. 'ಘೋರ ಅತಿಕ್ರಮಣ' ಹೋಯಿತು. 'ದಯವಿಟ್ಟು' ಬಂತು.

ಅಡ್ಮಿನ್ ಮೆಟ್ಟಿಲ ಮೇಲೇ ನಿಂತು ಓದಿದರು. ಮಡಚಿದರು. ಮುಖ ಸುಟ್ಟ ಬದನೆಕಾಯಿ.

"ನನ್ನ ಮನೆಗೆ ನಾನು ಬರೋಕೆ ನಿಮ್ಮ ಪರ್ಮಿಷನ್ನಾ?"

ಅಂಕಲ್, ನಾನು ಹಗಲು ಮಲಗೋದು ಅಂತ ಅಕ್ಕ ಶುರು ಮಾಡಿದಳು. ಅವರು ಕೇಳಿಸಿಕೊಳ್ಳಲಿಲ್ಲ. ಹೊಂದಿಕೆ ಆಗದಿದ್ದರೆ ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಿ ಅಂದು ಇಳಿದು ಹೋದರು.

ಕಂಟ್ರೋಲ್ ರೂಮಿಗೆ ನಡೆದು ಹೋಗುವಷ್ಟು ಹತ್ತಿರ ನಮ್ಮ ಕೈಗೆಟುಕುವ ಮನೆ ಇದೊಂದೇ. ಅವಳ ಪಾಳಿಯ ಹೊತ್ತಿಗೆ ಬಸ್ ಇಲ್ಲ. ಮನೆ ಹೋದರೆ ಕೆಲಸವೂ ಹೋದ ಹಾಗೇ.

ಮಾರ್ಚ್ 12, ಬುಧವಾರ

ಅಕ್ಕ ಬಂದವಳು ಚಪ್ಪಲಿ ಬಿಚ್ಚದೆ ಕೂತಳು. ನಿನ್ನೆ ಒಬ್ಬ ತಾತನ ಉಸಿರಾಟದ ಕೇಸ್. ವಿಳಾಸದಲ್ಲಿ ಪೂರ್ವ ಅಂದಿದ್ದನ್ನು ಇವಳು ಪಶ್ಚಿಮ ಅಂತ ಒತ್ತಿದ್ದಾಳೆ. ಪಕ್ಕದ ಸೀಟಿನವರು ನೋಡಿ ತಕ್ಷಣ ಸರಿ ಮಾಡಿದರು. ತಾತ ಉಳಿದರು.

"ಈ ಸಲ ಅವರು ನೋಡಿದ್ರು," ಅಂದಳು. ಅಷ್ಟೇ. ಮಲಗಲು ಹೋದಳು. ಕುರ್ಚಿ ಎಳೆಯುವ ಸದ್ದು ಕೇಳಿಸಿತು.

ಸಾಕು. ಪ್ರೂಫ್ ಬೇಕು. ಥ್ರೆಡ್‌ನಲ್ಲಿ ಎಲ್ಲರೂ ಹೇಳುವುದು ಅದೇ — ಪ್ರೂಫ್ ಇಲ್ಲದಿದ್ದರೆ ನಿನ್ನ ಮಾತು ಗಾಳಿಗೆ.

ಮಾರ್ಚ್ 15, ಶನಿವಾರ

ಸಿಕ್ಕಿಬಿದ್ದರು.

ನನ್ನ ಹಳೇ ಫೋನನ್ನು ಬೆಡ್‌ರೂಮಿನ ಕಿಟಕಿ ದಂಡೆಯ ಮೇಲೆ ರೆಕಾರ್ಡಿಂಗಿಗೆ ಇಟ್ಟು ಹೊರಗೆ ಹೋಗಿದ್ದೆ. ಅಕ್ಕನಿಗೆ ಹೇಳಲಿಲ್ಲ. ಕುರ್ಚಿ ಒತ್ತಬೇಡ, ಇವತ್ತು ನಾನು ಇರ್ತೀನಿ ಅಂತ ಸುಳ್ಳು ಹೇಳಿದೆ.

ಈಗ ವಿಡಿಯೋ ನೋಡಿದೆ. ಅಕ್ಕ ಗಾಢ ನಿದ್ದೆಯಲ್ಲಿದ್ದಾಳೆ. ಬಾಗಿಲ ಸಂದಿಯಲ್ಲಿ ಅಡ್ಮಿನ್. ಬರಿಗಾಲು. ಬೆಕ್ಕಿನ ಹಾಗೆ ಬಂದು, ಮಂಚ ದಾಟಿ, ಕಪಾಟು ತೆರೆದು, ಮಧ್ಯದ ಅರೆಯ ಹಲಗೆಯನ್ನು ಒತ್ತಿ ನೋಡಿ, ತಲೆ ಅಲ್ಲಾಡಿಸಿ, ಕಪಾಟು ಮುಚ್ಚಿ ಹೋದರು. ಅಕ್ಕ ಮಗ್ಗುಲು ಕೂಡ ಬದಲಿಸಲಿಲ್ಲ.

ಅವಳನ್ನು ಮುಟ್ಟಲಿಲ್ಲ, ಏನೂ ಕದಿಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಆದರೂ.

ಇದನ್ನು ಹಾಕಿದರೆ ಥ್ರೆಡ್ ಹೊತ್ತಿ ಉರಿಯುತ್ತದೆ. ಹಳೇ ಬೀಗ ಏನನ್ನುತ್ತಾರೋ…

ಮಾರ್ಚ್ 16, ಭಾನುವಾರ

ಹಾಕಿದೆ. ಬೆಂಕಿ ಇಮೋಜಿಗಳ ಸುರಿಮಳೆ. 'ಸಿಂಹಿಣಿ' ಅಂದರು ಯಾರೋ. ನನ್ನ ಯಾವ ಪೋಸ್ಟಿಗೂ ಇಷ್ಟು ಜನ ಬಂದಿರಲಿಲ್ಲ. ಊಟ ಮಾಡುತ್ತಾ ರಿಫ್ರೆಶ್, ಸ್ನಾನಕ್ಕೆ ಹೋಗುವ ಮುಂಚೆ ರಿಫ್ರೆಶ್.

ಸಂಜೆಗೆ ಗಾಳಿ ತಿರುಗಿತು. ಆ ಬೆಡ್‌ಶೀಟ್ ಎಲ್ಲಿ ತಗೊಂಡ್ರಿ ಅಂತ ಒಬ್ಬರು. ಹಗಲೆಲ್ಲ ಮಲಗೋ ಅಂಥದ್ದು ಏನು ಕೆಲಸವೋ ಅಂತ ಇನ್ನೊಬ್ಬರು. ಅದಕ್ಕೆ ನಗು ಇಮೋಜಿ. ಅಕ್ಕನ ಕಾಲಿನ ಬಗ್ಗೆ ಮತ್ತೊಬ್ಬ… ಇಲ್ಲಿ ಬರೆಯಲಾರೆ.

ಕೊನೆಗೆ ಹಳೇ ಬೀಗ ಬಂದರು. ಒಂದೇ ಸಾಲು.

"ಮಲಗಿರೋರನ್ನ ಕೇಳಿದ್ರಾ?"

ಮಾರ್ಚ್ 17, ಸೋಮವಾರ

ಡಿಲೀಟ್ ಮಾಡಿದೆ. ತಡವಾಗಿತ್ತು. ಕಂಟ್ರೋಲ್ ರೂಮಿನ ಡ್ರೈವರ್ ಒಬ್ಬರು ಅಕ್ಕನಿಗೆ ತೋರಿಸಿದ್ದಾರೆ, ಇದು ನೀವೇನಾ ಅಂತ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹಾಲ್‌ನಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದಳು.

"ಅವ್ರೊಬ್ರು ಬರ್ತಿದ್ರು ಕಣೇ. ನೀನು ಊರಿಗೆ ಊರನ್ನೇ ಕರ್ಕೊಂಡ್ಬಂದೆ."

ಮಾರ್ಚ್ 24, ಸೋಮವಾರ

ವಾರವಿಡೀ ಉಪ್ಪು ಕೊಡು, ಗ್ಯಾಸ್ ಆಫ್ ಮಾಡು, ಇಷ್ಟೇ ಮಾತು. ಥ್ರೆಡ್ ಕಡೆ ತಲೆ ಹಾಕಿಲ್ಲ.

ಇವತ್ತು ಅವಳೇ ಬಂದು ಪಕ್ಕ ಕೂತಳು. ಆ ತಕರಾರು ಕಚೇರಿಯ ಅರ್ಜಿ ಎಲ್ಲಿ ಸಿಗುತ್ತೆ ಹೇಳು ಅಂದಳು. ಹೇಳಿದೆ. ಒಟ್ಟಿಗೆ ತುಂಬಿದೆವು. ಸಾಕ್ಷಿ ಅನ್ನುವ ಜಾಗ ಬಂದಾಗ ಪೆನ್ ನಿಂತಿತು.

ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ, ಆಫೀಸರಿಗೆ ಮಾತ್ರ ತೋರಿಸಬಹುದು ಅಂದೆ. ಮೆಲ್ಲಗೆ. ಬೇಡ ಅಂದಳು. ಅದಿಲ್ಲದಿದ್ದರೆ ಸೋಲುತ್ತೇವೆ ಅಂದೆ.

"ಸೋತ್ರೆ ಸೋಲ್ತೀವಿ. ನನ್ನ ನಿದ್ದೆ ನಾನು ಇನ್ಯಾರಿಗೂ ತೋರ್ಸಲ್ಲ. ನಾನು ಹೋಗ್ತೀನಿ, ನನ್ನ ಬಾಯಲ್ಲಿ ಹೇಳ್ತೀನಿ."

ಅವಳ ಎದುರೇ ಅಳಿಸಿದೆ. ರೀಸೈಕಲ್ ಬಿನ್‌ನಿಂದಲೂ. ಸಾಕ್ಷಿಯ ಜಾಗದಲ್ಲಿ 'ಇಲ್ಲ' ಅಂತ ಅವಳೇ ಬರೆದಳು, ದಪ್ಪ ಅಕ್ಷರದಲ್ಲಿ.

ಏಪ್ರಿಲ್ 9, ಬುಧವಾರ. ಸಂಜೆ

ಮರೆಯುವ ಮುಂಚೆ ಬರೆಯಬೇಕು.

ಕಚೇರಿ ಅಂದರೆ ಕೋರ್ಟಿನ ಹಾಗಿರುತ್ತದೆ ಅಂದುಕೊಂಡಿದ್ದೆ. ಒಂದು ಉದ್ದನೆಯ ಮೇಜು, ಗೊರ ಗೊರ ಅನ್ನುವ ಫ್ಯಾನು. ಅಧಿಕಾರಿ ಒಬ್ಬ ಮೇಡಂ, ಓದುವ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಅಡ್ಮಿನ್ ಇಸ್ತ್ರಿ ಶರ್ಟ್ ಹಾಕಿ ಬಂದಿದ್ದರು. ಜೊತೆಗೆ ಸೋದರಳಿಯ, ಕೈಯಲ್ಲಿ ಫೈಲು, ಬಾಯಲ್ಲಿ ಎಣ್ಣೆ ಹಚ್ಚಿದಂಥ ಮಾತು. ನನಗೆ ಅಕ್ಕ ಮೊದಲೇ ತಾಕೀತು ಮಾಡಿದ್ದಳು: ಬಾಯಿ ತೆರೆಯುವ ಹಾಗಿಲ್ಲ.

ಅಕ್ಕ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಅವಳು ಫೋನಿನಲ್ಲಿ ವಿಳಾಸ ಕೇಳುವುದು ಹೀಗೇ ಇರಬೇಕು.

ಸೋದರಳಿಯ ಎದ್ದ. ಮಾವ ಯಾವತ್ತೂ ಕರೆದಾಗ ಮಾತ್ರ ಹೋಗಿದ್ದಾರೆ ಮೇಡಂ, ಈ ಹುಡುಗಿಯರು ಕಟ್ಟಿರೋ ಕಥೆ ಇದು ಅಂದ. ಸಾಕ್ಷಿ ಏನಿದೆ ಅಂತ ಮೇಡಂ ಕೇಳಿದರು. "ಇಲ್ಲ," ಅಂದಳು ಅಕ್ಕ. ಸೋದರಳಿಯ ಮೀಸೆಯಡಿ ನಕ್ಕ. ನನ್ನ ನಾಲಿಗೆ ತುದಿಗೆ ಬಂದಿತ್ತು — ವಿಡಿಯೋ ಇತ್ತು, ಸಾವಿರ ಜನ ನೋಡಿದ್ದಾರೆ, ಬೇಕಾದರೆ ಕೇಳಿ! ಅಕ್ಕ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ನುಂಗಿಕೊಂಡೆ.

ಮೇಡಂ ಅಡ್ಮಿನ್ ಕಡೆ ತಿರುಗಿ, ಇವರನ್ನ ಖಾಲಿ ಮಾಡಿಸೋದು ಯಾಕೆ ಯಜಮಾನ್ರೇ ಅಂದರು. ಬಾಡಿಗೆ ಬಾಕಿಯಾ? ಇಲ್ಲ. ಗಲಾಟೆಯಾ? ಅದೂ ಇಲ್ಲ.

"ಮನೆ ಹಾಳು ಮಾಡ್ತಿದಾರೆ," ಅಂದರು ಅಡ್ಮಿನ್. ಅಲ್ಲಿಯವರೆಗೆ ಸುಮ್ಮನಿದ್ದ ಮನುಷ್ಯ, ಕಟ್ಟೆ ಒಡೆದ ಹಾಗೆ. ಬೆಡ್‌ರೂಮಿನ ಕಪಾಟು, ತೇಗದ ಹಲಗೆ, ನಾನೇ ಉಜ್ಜಿ ಉಜ್ಜಿ ನಯ ಮಾಡಿದ್ದು, ಮಧ್ಯದ ಅರೆ ಮೇಲೆ ಪುಸ್ತಕದ ಮೂಟೆ ಪೇರಿಸಿದಾರೆ, ಹೊಟ್ಟೆ ಬಿಟ್ಟ ಹಾಗೆ ಬಾಗಿ ಹೋಗಿದೆ… ಎರಡೂ ಕೈಯಲ್ಲಿ ಬಾಗು ತೋರಿಸಿದರು. ಸೋದರಳಿಯ ಅವರ ತೋಳು ಎಳೆದ. ಅವರು ಕೊಡವಿಕೊಂಡರು.

ಮೇಡಂ ಹಣೆಯಿಂದ ಕನ್ನಡಕ ಇಳಿಸಿದರು.

"ಕಪಾಟು ಒಳಗೆ ಹೇಗಿದೆ ಅಂತ ನಿಮಗೆ ಹೇಗೆ ಗೊತ್ತು?"

"ನೋಡ್ದೆ."

"ಯಾರು ತೆಗೆದು ತೋರಿಸಿದ್ರು?"

"ಯಾರೂ ಇಲ್ಲಮ್ಮ. ಈ ಮಗು ಮಲಗಿತ್ತು. ಎಬ್ಬಿಸಬಾರ್ದು ಅಂತ ಚಪ್ಪಲಿ ಬಿಟ್ಟು ಹೋದೆ."

ಹೆಮ್ಮೆಯಿಂದ ಹೇಳಿದರು. ಎಷ್ಟು ಜೋಪಾನ ಮಾಡಿದೆ ನೋಡಿ ಅನ್ನುವ ಹಾಗೆ. ಸೋದರಳಿಯ ಫೈಲು ಮುಚ್ಚಿದ. ಆಮೇಲೆ ಮಾತಾಡಿದ್ದು ಅಕ್ಕ.

"ಅಂಕಲ್, ನೀವು ಸದ್ದು ಮಾಡ್ಕೊಂಡು ಬಂದಿದ್ರೆ ಇಷ್ಟು ಹೆದರ್ತಿರ್ಲಿಲ್ಲ. ಗೊತ್ತೇ ಆಗದ ಹಾಗೆ ಬರ್ತೀರಲ್ಲ, ಅದಕ್ಕೇ ನನಗೆ ನಿದ್ದೆ ಬರಲ್ಲ."

ಅಡ್ಮಿನ್ ಅವಳ ಕಡೆ ತಿರುಗಿದರು. ಅವಳ ಮುಖ ನೋಡಿದರು. ಬಹುಶಃ ಮೊದಲ ಸಲ, ಕಪಾಟು ನೋಡುವಷ್ಟು ಗಮನ ಕೊಟ್ಟು.

ಇವರು ಮನೆ ಬಿಡಬೇಕಿಲ್ಲ, ಆದೇಶ ಎರಡು ದಿನದಲ್ಲಿ ಬರುತ್ತೆ ಅಂದರು ಮೇಡಂ. ಗೆದ್ದಾಗ ಕುಣಿಯಬೇಕು ಅಂದುಕೊಂಡಿದ್ದೆ. ಮೆಟ್ಟಿಲು ಇಳಿಯುವಾಗ ಅಡ್ಮಿನ್ ಕಂಬಿ ಹಿಡಿದುಕೊಂಡಿದ್ದರು. ಕುಣಿಯಲು ಆಗಲಿಲ್ಲ.

ಏಪ್ರಿಲ್ 11, ಶುಕ್ರವಾರ

ಆದೇಶ ಬಂತು. ಖಾಲಿ ಮಾಡಬೇಕಿಲ್ಲ. ಹಿಂದಿನ ದಿನವೇ ತಿಳಿಸಿ, ನಾವು ಒಪ್ಪಿದ ಹೊತ್ತಿಗೆ ಬರಬೇಕು. ಇನ್ನೊಂದು ಕೀ ಲಕೋಟೆಯೊಳಗೆ, ಲಕೋಟೆಗೆ ಅಕ್ಕನ ಸಹಿ. ಬೆಂಕಿ ಬಿದ್ದರೆ ಅಥವಾ ಪೈಪ್ ಒಡೆದರೆ ಮಾತ್ರ ಅವರು ಅದನ್ನು ಹರಿದು ಕೀ ತೆಗೆಯಬಹುದು. ಮತ್ತೆ ನಮಗೂ ಒಂದು ಸಾಲು: ಪುಸ್ತಕಗಳನ್ನು ಆ ಅರೆಯಿಂದ ತೆಗೆಯಬೇಕು. ತೆಗೆದೆವು. ನಿಜಕ್ಕೂ ಬಾಗಿತ್ತು.

ಥ್ರೆಡ್‌ಗೆ ಹಾಕಲಾ ಅಂತ ಅಕ್ಕನನ್ನು ಕೇಳಿದೆ. ಹೆಸರಿಲ್ಲದೆ, ಮನೆ ಗುರುತಿಲ್ಲದೆ. ಯೋಚಿಸಿ, ಬೇಡ ಅಂದಳು. ಸರಿ. ಹಳೇ ಬೀಗ ಅವರಿಗೆ ಮಾತ್ರ ಒಂದು ಮೆಸೇಜ್ ಕಳಿಸಿದೆ: ಈ ಸಲ ಕೇಳಿದೆ. ನೋಡಿದ್ದಾರೆ, 'ಸೀನ್' ಅಂತ ಬಂದಿದೆ. ಅಷ್ಟು ಸಾಕು.

ಅಕ್ಕ ಹಗಲು ಮಲಗಿದ್ದಳು. ಕುರ್ಚಿ ಮೇಜಿನ ಹತ್ತಿರವೇ ಇತ್ತು.

ಏಪ್ರಿಲ್ 14, ಸೋಮವಾರ

ಅಡ್ಮಿನ್ ಮೆಸೇಜ್! ಅಕ್ಕನ ಫೋನಿಗೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿರಬೇಕು. 'ಹಾಲ್ ಕಿಟಕಿ ಚಿಲಕ ಸಡಿಲ. ನಾಳೆ ಹತ್ತಕ್ಕೆ ಬರಬಹುದಾ.'

ಹತ್ತಕ್ಕೆ ಅಕ್ಕ ನಿದ್ದೆಯಲ್ಲಿರುತ್ತಾಳೆ. ಪಾಪ, ಹೋಗಲಿ, ಇದೊಂದು ಸಲ ಅನ್ನುತ್ತಾಳೇನೋ ಅಂತ ಅವಳ ಮುಖವನ್ನೇ ನೋಡುತ್ತಿದ್ದೆ. ಟೈಪ್ ಮಾಡಿದಳು: 'ಹತ್ತಕ್ಕೆ ಆಗಲ್ಲ ಅಂಕಲ್. ಸಂಜೆ ಐದಕ್ಕೆ ಬನ್ನಿ.'

ಅವರ ಉತ್ತರ, 'ಆಗಲಿ.'

ಏಪ್ರಿಲ್ 15, ಮಂಗಳವಾರ. ಸಂಜೆ

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದಾರೆ, ಟಪ್ ಟಪ್ ಅಂತ. ಬೇಕೆಂದೇ ಜೋರಾಗಿ. ಅಕ್ಕ ಈಗಷ್ಟೇ ಎದ್ದು ಮುಖ ತೊಳೆಯುತ್ತಿದ್ದಾಳೆ.

ಸದ್ದು ನಿಂತಿತು. ಕೆಮ್ಮಿದರು. ಏನು ಮಾಡುತ್ತಿದ್ದಾರೋ. ತಾವೇ ಮಾಡಿದ ಬಾಗಿಲು, ಹೊರಗಿನಿಂದ ಹೇಗೆ ತಟ್ಟುವುದು ಅಂತ ಗೊತ್ತಿಲ್ಲವೇನೋ…

ತಟ್ಟಿದರು. ಒಂದೇ ಸಲ, ಮೆತ್ತಗೆ.

ಎದ್ದೆ. ಅಕ್ಕ ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಬಂದು ಕೈ ಅಡ್ಡ ಹಿಡಿದಳು.

"ನೀನು ಕೂತ್ಕೋ. ನಮ್ಮನೆ ಬಾಗ್ಲು, ನಾನು ತೆಗೀತೀನಿ."

ಕೂದಲು ಕಟ್ಟಿಕೊಳ್ಳುತ್ತಿದ್ದಾಳೆ. ಅವಸರವೇ ಇಲ್ಲ. ಆಚೆ ಅವರು ಕಾಯುತ್ತಿದ್ದಾರೆ. ಈಗ ಚಿಲಕದ ಮೇಲೆ ಕೈ ಇಟ್ಟಳು, ಬಂದೆ ಅಂಕಲ್ ಅಂದಳು, ಬಾಗಿಲು ತೆಗೆದಳು.