ಕಿಟಕಿಯಿಲ್ಲದ ಗೋಡೆಯ ಪರದೆ

ಅಜೀಜಿಯಾ, ಜಿದ್ದಾ
13-3-2014, ಗುರುವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕ,

ಬೆಳಿಗ್ಗೆ ಗಂಜಿ ಬೇಯಿಸಿದೆ, ಇವರ ಅಂಗಿಗಳಿಗೆ ಇಸ್ತ್ರಿ ಹಾಕಿದೆ. ದಿನದ ಕೆಲಸ ಅಷ್ಟೇ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಮಾತು ಯಾರಿಗೆಲ್ಲ ಕೇಳುತ್ತದೋ ಗೊತ್ತಿಲ್ಲ.

ಮಗು ಹೋಗಿ ಎರಡು ತಿಂಗಳಾಯಿತು. ತೊಟ್ಟಿಲು, ಕಾರ್ಪೆಟ್ ಎಲ್ಲ ಇವರು ಯಾರಿಗೋ ಕೊಟ್ಟುಬಿಟ್ಟರು. ಕೋಣೆ ಬರಿದಾಗಿ, ಕೆಮ್ಮಿದರೂ ಗುಂಯ್ ಎನ್ನುತ್ತಿತ್ತು. ಹೋದ ವಾರ ಇವರು ಚಪ್ಪಾಳೆ ತಟ್ಟಿ, "ಕೇಳಿತಾ ವಾರಿಜಾ? ದಪ್ಪ ಪರದೆ ಹಾಕಿದರೆ ಸರಿಯಾಗುತ್ತದೆ" ಎಂದರು.

ಆಗಲಿ ಎಂದೆ. ಆದರೆ ಕಿಟಕಿಗೆ ಹಾಕಿದರೆ ಸಾಲದೇ? ಕಿಟಕಿಯೇ ಇಲ್ಲದ ಗೋಡೆಗೂ ಈ ತುದಿಯಿಂದ ಆ ತುದಿಗೆ ಪರದೆ! ಅದರಾಚೆ ಶಮೀರಾಳ ಮನೆ. ನನ್ನ ಜೊತೆಗೇ ಬಸುರಿಯಾಗಿ, ಹೆರಿಗೆಗೆಂದು ಉಳ್ಳಾಲಕ್ಕೆ ಹೋದವಳು. ಕೇಳಿದಾಗಲೆಲ್ಲ ಇವರು, "ಅವಳಿನ್ನೂ ಬಂದಿಲ್ಲ" ಎನ್ನುತ್ತಾರೆ. ಹಾಗಾದರೆ ಅವರ ಬಾಗಿಲಲ್ಲಿರುವ ಹೆಂಗಸಿನ ಚಪ್ಪಲಿ ಯಾರದು?

ಪರದೆ ಹೊಲಿದ ಮಹಮ್ಮದ್ ಕುಂಞಿ ಮಂಜೇಶ್ವರದ ಹಿರಿಯರು. ಮೊನ್ನೆ ಇವರು ಏಣಿ ತರಲು ಕೆಳಗಿಳಿದಾಗ ಕೇಳಿದೆ, ಬರಿ ಗೋಡೆಗೆ ಎಂತಕ್ಕೆ ಪರದೆ ಎಂದು.

"ನೆರಿಗೆಗೆ ಅಂತ ಎರಡು ಪಾಲು ಬಟ್ಟೆ ಇಟ್ಟಿದ್ದೇನೆ ತಂಗೀ. ಕೋಣೆಯ ಗುಂಯ್ ನಿಲ್ತದೆ. ಆಚೆ ಮನೆಯದ್ದು ನಿಲ್ಲುದಿಲ್ಲ ಅಂತ ನಿಮ್ಮವರಿಗೆ ಹೇಳಿದೆ. ಕೇಳಬೇಕಲ್ಲ ಮಾರಾಯ್ರು!"

"ಆಚೆ ಮನೆಯದ್ದು ಎಂತದು?"

ಅವರು ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು ಗೋಡೆಗೆ ತಿರುಗಿದರು.

ಇವತ್ತು ಊಟದ ನಂತರ ತಿಳಿಯಿತು. ಕೋಣೆಯ ಗುಂಯ್ ಹೋಗಿ, ಇಷ್ಟು ದಿನ ಅದರಡಿ ಮುಚ್ಚಿಹೋಗಿದ್ದು ಕೇಳತೊಡಗಿದೆ. ಪರದೆ ಸರಿಸಿ ಗೋಡೆಗೆ ಕಿವಿಯಿಟ್ಟೆ. ಎಳೆಗೂಸಿನ ಅಳು. ಹಿಂದೆಯೇ ಶಮೀರಾಳ ಧ್ವನಿ: "ಶ್ಶ್, ವಾರಿಜಕ್ಕನಿಗೆ ಕೇಳ್ತದೆ."

ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ. ನಿನಗೂ ಗೊತ್ತಿತ್ತೇ ಅಕ್ಕ? ಇದ್ದದ್ದು ಇದ್ದ ಹಾಗೆ ಬರೆ. ನನ್ನ ದೆಸೆಯಿಂದ ಒಂದು ಕೂಸಿಗೆ ಬಾಯಿಬಿಟ್ಟು ಅಳಲಿಕ್ಕಿಲ್ಲ ಎಂದರೆ ಹೇಗೆ? ಆ ಗೋಡೆಯ ಪರದೆ ಬಿಚ್ಚಿಸುತ್ತೇನೆ. ಕೂಸನ್ನೂ ನೋಡಿ ಬರುತ್ತೇನೆ.

ಭಾವನಿಗೆ ನಮಸ್ಕಾರ. ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ತಂಗಿ,
ವಾರಿಜಾ

ಇನ್ನೊಂದು ಮಾತು. ಹಾಲು ಬತ್ತಿತು ಎಂದು ನಿಮಗೆಲ್ಲ ಹೇಳಿದ್ದು ಸುಳ್ಳು. ಆ ಕೂಸು ಅತ್ತಾಗ ನನ್ನ ರವಿಕೆ ಒದ್ದೆಯಾಯಿತು. ಇವರಿಗೂ ಹೇಳಿಲ್ಲ. ನಾಳೆ ಶುಕ್ರವಾರ, ಇವರಿಗೆ ರಜೆ. ಏಣಿ ಇನ್ನೂ ನಮ್ಮಲ್ಲೇ ಇದೆ.